ಮರಳಿ ಬಂದಾಗ ಗುರುತಿಸಿ

ಪತ್ತನಾಜೆ ಎಂದರೆ ತುಳುನಾಡಿನಲ್ಲಿ ಗೆಜ್ಜೆ ಬಿಚ್ಚುವ ದಿನ. ತುಳು ತಿಂಗಳು ಬೇಶದ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸಿಗೆ, ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸುತ್ತವೆ. ಕೋಲ, ನೇಮ, ಜಾತ್ರೆಗಳಿಗೂ ಅಲ್ಲಿಗೆ ವಿರಾಮ. ಚೌಕಿಯ ಪೆಟ್ಟಿಗೆಗಳು ಮುಚ್ಚುತ್ತವೆ. ನಿನ್ನೆ ರಾತ್ರಿ ದೇವೇಂದ್ರನ ವೇಷ ಕಟ್ಟಿದವರು ಗದ್ದೆ, ತೋಟ, ಅಂಗಡಿಗಳಿಗೆ ಮರಳುತ್ತಾರೆ. ಇದಕ್ಕಾಗಿ ಯಾರೂ ಅಳುವುದಿಲ್ಲ. ಮುಗಿಯುವುದಕ್ಕೂ ಒಂದು ದಿನ ಗೊತ್ತುಮಾಡಿಟ್ಟುಕೊಂಡ ಸೀಮೆ ಇದು.

ಕಡಬ ಪೇಟೆಗೆ ತಾಗಿಕೊಂಡಿರುವ ಕೋಡಿಂಬಾಳದ ಮನೆಗಳಲ್ಲಿ ಇದೇ ದಿನಗಳಲ್ಲಿ ಇನ್ನೊಂದು ಮುಕ್ತಾಯವೂ ನಡೆಯುತ್ತದೆ. ಅದಕ್ಕೆ ಪಂಚಾಂಗದಲ್ಲಿ ಹೆಸರಿಲ್ಲ. ಏಪ್ರಿಲಿನಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂದಿರುತ್ತದೆ, ಸಿಇಟಿ ಬರೆದಾಗಿರುತ್ತದೆ. ಹದಿನೆಂಟರ ಮಗಳೋ ಮಗನೋ ಮಳೆ ಹಿಡಿಯುತ್ತಲೇ ಕಾಲೇಜಿಗೆ ಹೊರಡಬೇಕು. ಪುತ್ತೂರು, ಸುಳ್ಯ, ಸುಬ್ರಹ್ಮಣ್ಯ ಆದರೆ ಬಸ್ಸಿನಲ್ಲಿ ಹೋಗಿಬರಬಹುದು. ಮಂಗಳೂರು, ಮೂಡುಬಿದಿರೆ ಎಂದರೆ ಅಲ್ಲೇ ಉಳಿಯಬೇಕು. ಬೆಂಗಳೂರು, ಮೈಸೂರು ಎಂದರೆ ಘಟ್ಟ ಹತ್ತಲೇಬೇಕು. ಬೀಗ, ಬಕೆಟ್, ಹೊದಿಕೆ, ಕೊಡೆ ಕೊಂಡು ತರುತ್ತಾರೆ. ಭರಣಿಯ ಮಿಡಿ ಉಪ್ಪಿನಕಾಯಿ ಸಣ್ಣ ಡಬ್ಬಿಗೆ ಇಳಿಯುತ್ತದೆ. ಒಂದು ಫೈಲಿನಲ್ಲಿ ವರ್ಗಾವಣೆ ಪತ್ರ, ಅಂಕಪಟ್ಟಿ, ಜಾತಿ–ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗದ ಪತ್ರ, ಕನ್ನಡ ಮಾಧ್ಯಮದ ಪತ್ರ, ಪ್ರತಿಯೊಂದಕ್ಕೂ ಜೆರಾಕ್ಸ್. ಸಿದ್ಧತೆಗೆ ಕೊರತೆಯೇ ಇಲ್ಲ. ಆದರೆ ಒಂದು ಮಾತನ್ನು ಮಾತ್ರ ಯಾರೂ ಆಡುವುದಿಲ್ಲ: ಈ ಮಗು ಈ ಮನೆಯಲ್ಲಿ ದಿನವೂ ಇರುವ ಕಾಲ ಮುಗಿಯಿತು.

‘ಮೂರು ವರ್ಷ ತಾನೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ’ ಎಂದು ಅಪ್ಪ ಹೇಳುತ್ತಾರೆ. ‘ಚೌತಿಗೆ ಬರುತ್ತಾಳಲ್ಲ’ ಎಂದು ಅಮ್ಮ ಹೇಳುತ್ತಾರೆ. ಇಬ್ಬರ ಮಾತೂ ನಿಜ. ಆದರೆ ರಜೆಗೆ ಬರುವುದು ಬೇರೆ, ಮನೆಯಲ್ಲಿ ಇರುವುದು ಬೇರೆ ಎಂಬುದು ಇಬ್ಬರಿಗೂ ಗೊತ್ತಿದೆ. ಮೂರು ವರ್ಷದ ಪದವಿಯ ಹಿಂದೆ ಸ್ನಾತಕೋತ್ತರ ಪದವಿಯೋ ಕೆಲಸವೋ ಕಾದಿರುತ್ತದೆ, ಅದರ ಹಿಂದೆ ಮದುವೆ. ಒಂದೇ ಸೂರಿನಡಿ ಎಲ್ಲರೂ ಒಟ್ಟಿಗೆ ಉಂಡು ಮಲಗುವ ದಿನಚರಿ ಇನ್ನು ಹಾಗೆಯೇ ಮರಳುವುದಿಲ್ಲ. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಕಾರವಿಲ್ಲ.

ಹೀಗೆ ಹೊರಡುವುದು ಈ ನೆಲಕ್ಕೆ ಹೊಸತೂ ಅಲ್ಲ. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು 1880ರಲ್ಲೇ ಆರಂಭವಾಯಿತಾದರೂ ಘಟ್ಟದ ಬುಡದ ಮಕ್ಕಳಿಗೆ ಅದು ದೂರದ ಊರೇ ಆಗಿತ್ತು. ಪುತ್ತೂರಿಗೆ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು ಬಂತು, 1965ರಲ್ಲಿ ವಿವೇಕಾನಂದ ಕಾಲೇಜು ಬಂತು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಸ್ಮಾರಕ ಕಾಲೇಜನ್ನೂ 1986ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ಕಟ್ಟಿದರು. ಕಾಲೇಜುಗಳು ಒಂದೊಂದಾಗಿ ಹತ್ತಿರಕ್ಕೆ ಬಂದವು, ಮಕ್ಕಳ ಕಣ್ಣು ಇನ್ನೂ ದೂರಕ್ಕೆ ನೆಟ್ಟಿತು. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು, 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಈ ಸಾಧನೆಗೆ ಸಂತೋಷಪಡುವಾಗ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಚೆನ್ನಾಗಿ ಓದಿಸಿದ ಜಿಲ್ಲೆ ತನ್ನ ಮಕ್ಕಳನ್ನು ಚೆನ್ನಾಗಿ ಬೀಳ್ಕೊಡುವುದನ್ನೂ ಕಲಿಯಬೇಕಾಗುತ್ತದೆ.

ಬೀಳ್ಕೊಡುವ ಮುನ್ನ ಒಂದು ತಪ್ಪು ತಿಳಿವಳಿಕೆ ನೀಗಬೇಕು. ಹೊರಟವರು ಬದಲಾಗುತ್ತಾರೆ, ಉಳಿದವರು ಹಾಗೆಯೇ ಇರುತ್ತಾರೆ, ಊರು ಇದ್ದಲ್ಲೇ ಇರುತ್ತದೆ ಎಂದು ನಾವು ನಂಬಿದ್ದೇವೆ. ಹೊರಡುವ ಹುಡುಗಿಯೂ ಇದನ್ನೇ ನಂಬಿ ಹೊರಡುತ್ತಾಳೆ. ಹಿಂತಿರುಗಿ ನೋಡಿದಾಗೆಲ್ಲ ಮನೆ, ಅಂಗಳ, ಅಡಿಕೆ ತೋಟ ತಾನು ಬಿಟ್ಟುಹೋದ ಹಾಗೆಯೇ ಕಾಣಬೇಕೆಂದು ಆಸೆಪಡುತ್ತಾಳೆ. ಕೋಡಿಂಬಾಳದ ಚರಿತ್ರೆಯನ್ನೇ ಕೇಳಿದರೆ ಆ ನಂಬಿಕೆ ನಿಲ್ಲುವುದಿಲ್ಲ.

1950ರಲ್ಲಿ ಇಲ್ಲಿ ಹುಟ್ಟಿ, ಹುಟ್ಟಿದ ಮನೆಯಿಂದ ಒಂದು ದಿನವೂ ಕದಲದ ಅಜ್ಜನೊಬ್ಬನನ್ನು ಊಹಿಸಿಕೊಳ್ಳಿ. ಅವನು ಹುಟ್ಟಿದ್ದು ಮದರಾಸು ರಾಜ್ಯದಲ್ಲಿ. 1956ರ ನವೆಂಬರ್ 1ರಂದು ಅವನು ಮೈಸೂರು ರಾಜ್ಯದವನಾದ, 1973ರಲ್ಲಿ ಕರ್ನಾಟಕದವನಾದ. ಹಲವು ದಶಕ ಪುತ್ತೂರು ತಾಲೂಕಿನವನಾಗಿದ್ದು 2018ರಲ್ಲಿ ಕಡಬ ತಾಲೂಕಿನವನಾದ. ಕಡಬ ಪಟ್ಟಣ ಪಂಚಾಯತು ರಚನೆಯಾದಾಗ ಕೋಡಿಂಬಾಳವೂ ಅದರೊಳಗೆ ಸೇರಿತು, ಹಳ್ಳಿಯವನು ಕಾಗದದಲ್ಲಿ ಪಟ್ಟಣದವನಾದ. ಅವನ ಹಿರಿಯರ ಕಾಲಕ್ಕೆ ಹೋದರೆ ಕಥೆ ಇನ್ನೂ ಉದ್ದವಿದೆ. ಅಮರ ಸುಳ್ಯ, ಪುತ್ತೂರು ಸೀಮೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕೊಡಗು ಕಂಪನಿ ಸರಕಾರದ ವಶವಾದಾಗ ಅವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಮೂರು ವರ್ಷದಲ್ಲಿ ಅಲ್ಲಿಂದಲೇ ಅಮರ ಸುಳ್ಯದ ರೈತರು ಕಂಪನಿಯ ವಿರುದ್ಧ ದಂಗೆಯೆದ್ದು ಮಂಗಳೂರಿನವರೆಗೆ ನಡೆದರು. ಕೂತಲ್ಲೇ ಕೂತವನ ವಿಳಾಸವೂ ಹೀಗೆ ಬದಲಾಗುತ್ತಲೇ ಬಂದಿದೆ. ಅವನು ಊರು ಬಿಡದಿದ್ದರೂ ಊರು ಅವನ ಕಾಲಡಿಯಲ್ಲಿ ಹೊರಳುತ್ತಿತ್ತು.

ರೈಲಿನ ಕಥೆಯೂ ಇದೇ. ಎಡಮಂಗಲಕ್ಕೂ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೂ ನಡುವೆ ಕೋಡಿಂಬಾಳಕ್ಕೆ ತನ್ನದೇ ಹೆಸರಿನ ಸಣ್ಣ ನಿಲ್ದಾಣವಿದೆ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಾಗ ಇದು ಶಾಶ್ವತ ಎಂದೇ ಎಲ್ಲರೂ ತಿಳಿದಿದ್ದರು. ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮಾರ್ಗ ಮುಚ್ಚಿತು. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಆ ಹಾದಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಘಟ್ಟ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಎಂದರೆ ಒಂದು ಮಗು ಒಂದನೇ ತರಗತಿಗೆ ಸೇರಿ ಹತ್ತನ್ನು ದಾಟುವಷ್ಟು ಕಾಲ. ಆ ಮಕ್ಕಳ ಬಾಲ್ಯದಲ್ಲಿ ಘಟ್ಟ ಹತ್ತುವ ರೈಲೇ ಇರಲಿಲ್ಲ. ಅವರ ತಮ್ಮ ತಂಗಿಯರಿಗೆ ಅದು ಹುಟ್ಟಿದಂದಿನಿಂದ ಇದ್ದದ್ದು. ಒಂದೇ ಮನೆಯ ಮಕ್ಕಳಿಗೂ ಒಂದೇ ಊರು ಸಿಕ್ಕಿರುವುದಿಲ್ಲ.

ಹೋದದ್ದಕ್ಕೆಲ್ಲ ಮರುಗಬೇಕಾಗಿಯೂ ಇಲ್ಲ. ಕಡಬದ ಹತ್ತಿರದ ಹೊಸ್ಮಠದ ಹಳೆಯ ಮುಳುಗು ಸೇತುವೆ ಮಳೆಗಾಲದಲ್ಲಿ ಹೊಳೆಯ ನೀರಿನಡಿಗೆ ಹೋಗುತ್ತಿತ್ತು. ಆಚೆ ದಡದಲ್ಲಿ ಶಾಲೆ ಮಕ್ಕಳು, ಈಚೆ ದಡದಲ್ಲಿ ಬಸ್ಸು, ನಡುವೆ ಕೆಂಪು ನೀರು. ಈಗ ಎತ್ತರದ ಸೇತುವೆ ಇದೆ. ಹೊಳೆ ಇಳಿಯುವುದನ್ನು ಕಾದು ನಿಂತ ಆ ದಿನಗಳು ಹೋದವಲ್ಲ ಎಂದು ಯಾವ ತಾಯಿಯೂ ಅತ್ತಿಲ್ಲ. ಅನಿತ್ಯ ಎಂದೊಡನೆ ನಾವು ಕಳೆದುಕೊಂಡ ಒಳ್ಳೆಯದನ್ನೇ ನೆನೆಯುತ್ತೇವೆ. ಕಷ್ಟಗಳೂ ಅನಿತ್ಯವೇ ಆದ್ದರಿಂದ ನಾವು ಬದುಕಿ ಉಳಿದಿದ್ದೇವೆ ಎಂಬುದನ್ನು ಮರೆಯುತ್ತೇವೆ.

ಈ ಊರುಗಳಲ್ಲಿ ಬೇರು ಬಿಟ್ಟವರಲ್ಲಿ ಎಷ್ಟೋ ಮಂದಿ ಒಮ್ಮೆ ಎಲ್ಲಿಂದಲೋ ಹೊರಟು ಬಂದವರು. ಕೇರಳದಿಂದ ಬಂದ ಕ್ರೈಸ್ತ ಕೃಷಿಕರು ಗುಡ್ಡಗಳಲ್ಲಿ ರಬ್ಬರ್ ಬೆಳೆಸಿದರು. ಭಾರತ–ಶ್ರೀಲಂಕಾ ನಡುವಿನ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇರೆಗೆ, ಅಲ್ಲಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ತಮಿಳು ಕುಟುಂಬಗಳು ಸಮುದ್ರ ದಾಟಿ ಬಂದು, ಸುಳ್ಯ–ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದವು. ಆ ಕುಟುಂಬಗಳ ಮೊಮ್ಮಕ್ಕಳು ಕನ್ನಡದಲ್ಲಿ ಓದಿ, ತುಳುವಿನಲ್ಲಿ ಆಡಿ ಬೆಳೆದಿದ್ದಾರೆ, ಕಾಲೇಜಿಗೆ ಊರು ಬಿಡುತ್ತಿದ್ದಾರೆ. ಅವರ ಅಜ್ಜಿ ಹೊರಟಾಗ ಕೈಯಲ್ಲಿದ್ದದ್ದು ಸರಕಾರಗಳು ಬರೆದ ಕಾಗದ. ಮೊಮ್ಮಗಳ ಕೈಯಲ್ಲಿರುವುದು ಅವಳೇ ಬರೆದು ಗಳಿಸಿದ ಅಂಕಪಟ್ಟಿ. ಬೇರೆಯವರ ನಿರ್ಣಯಕ್ಕೆ ತಲೆಬಾಗಿ ಹೊರಡುವುದಕ್ಕೂ ತಾನೇ ಆರಿಸಿಕೊಂಡು ಹೊರಡುವುದಕ್ಕೂ ಇರುವ ಅಂತರ ದೊಡ್ಡದು. ಇಂದು ಟ್ರಂಕು ತುಂಬುತ್ತಿರುವ ಮಕ್ಕಳು ತಮ್ಮ ಅಗಲಿಕೆಯನ್ನು ಆ ಅಜ್ಜಿಯ ಅಗಲಿಕೆಯ ಪಕ್ಕದಲ್ಲಿಟ್ಟು ನೋಡಲಿ. ನೋವು ಕಡಿಮೆಯಾಗದಿದ್ದರೂ ಅದರ ಅಳತೆ ಸಿಗುತ್ತದೆ.

ಅನಿತ್ಯದ ಬಗ್ಗೆ ಕನ್ನಡದಲ್ಲಿ ಮಾತಾಡುವವರು ನೀಲಾಂಜನೆಯ ಬಳಿಗೆ ಬರದೆ ಮುಂದೆ ಹೋಗುವುದು ಕಷ್ಟ. ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಅವಳು ಮುಂದೆ ಮೊದಲ ತೀರ್ಥಂಕರನಾಗುವ ಆದಿದೇವನ ಸಭೆಯಲ್ಲಿ ಕುಣಿಯುತ್ತಾಳೆ, ಕುಣಿಯುತ್ತಿರುವಾಗಲೇ ಅವಳ ಆಯುಸ್ಸು ಮುಗಿದು ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣವೇ ಅವಳಂಥವಳೇ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ, ಕುಣಿತ ಸಾಗಿಯೇ ಇದೆ. ಆದಿದೇವನೊಬ್ಬನಿಗೆ ಮಾತ್ರ ತಿಳಿಯುತ್ತದೆ. ಆ ತಿಳಿವಿನಿಂದ ಅವನು ರಾಜ್ಯ ಬಿಟ್ಟು ಹೊರಡುತ್ತಾನೆ.

ಈ ಪ್ರಸಂಗವನ್ನು ವೈರಾಗ್ಯದ ಪಾಠವಾಗಿ ಓದುವುದು ವಾಡಿಕೆ. ಗೃಹಸ್ಥರಾದ ನಮಗೆ ಅದರಲ್ಲಿ ಇನ್ನೊಂದು ಪಾಠವೂ ಇದೆ ಎಂದು ನನಗೆ ತೋರುತ್ತದೆ. ಇಂದ್ರ ಮಾಡಿದ್ದನ್ನು ನಾವು ದಿನವೂ ಮಾಡುತ್ತೇವೆ. ಒಬ್ಬರು ಹೋದ ಜಾಗದಲ್ಲಿ ಅವರಂಥವರನ್ನೇ ನಿಲ್ಲಿಸಿ ಏನೂ ಆಗಿಲ್ಲ ಎನ್ನುತ್ತೇವೆ. ಜುಲೈಯಲ್ಲಿ ಹಾಸ್ಟೆಲಿಗೆ ಹೋದ ಮಗಳು ದೀಪಾವಳಿಗೆ ಬರುತ್ತಾಳೆ. ಬಂದವಳು ಹೋದವಳಲ್ಲ. ಅವಳು ನಾಲ್ಕು ಜಿಲ್ಲೆಯ ಗೆಳತಿಯರೊಡನೆ ಕೋಣೆ ಹಂಚಿಕೊಂಡಿದ್ದಾಳೆ, ಜ್ವರ ಬಂದಾಗ ತಾನೇ ಎದ್ದು ಗಂಜಿ ಹುಡುಕಿದ್ದಾಳೆ, ಮನೆಯಲ್ಲಿ ಕೇಳಿಲ್ಲದ ಪ್ರಶ್ನೆಗಳನ್ನು ತರಗತಿಯಲ್ಲಿ ಕೇಳಿದ್ದಾಳೆ. ನಾವು ಮಾತ್ರ ಹೋದವಳ ತಟ್ಟೆಯನ್ನೇ ಅವಳ ಮುಂದಿಟ್ಟು, ಹೋದವಳಿಗೆ ಹೇಳುತ್ತಿದ್ದ ಬುದ್ಧಿಮಾತನ್ನೇ ಹೇಳುತ್ತೇವೆ. ಪ್ರೀತಿಯಿಂದಲೇ ಹಾಗೆ ಮಾಡುತ್ತೇವೆ. ಆದರೆ ಬದಲಾವಣೆಯನ್ನು ಕಾಣಲೊಲ್ಲದ ಪ್ರೀತಿಯಲ್ಲಿ ಎದುರಿಗಿರುವ ಮಗಳಿಗೇ ಜಾಗವಿಲ್ಲದಂತಾಗುತ್ತದೆ.

ಜೈನರು ಮತ್ತೆ ಮತ್ತೆ ಚಿಂತಿಸಬೇಕೆಂದು ಹೇಳಿದ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ. ಅದು ಮೊದಲಿರುವುದಕ್ಕೆ ಕಾರಣವಿದೆ. ಬದಲಾವಣೆಯನ್ನು ಒಪ್ಪದವನಿಗೆ ಉಳಿದ ಯಾವ ಸತ್ಯವನ್ನು ಹೇಳಿಯೂ ಫಲವಿಲ್ಲ. ಬೌದ್ಧರ ನಾಗಾರ್ಜುನ ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಹೇಳಿದ. ಮೂಲಮಧ್ಯಮಕಕಾರಿಕೆಯ 24ನೆಯ ಪ್ರಕರಣದಲ್ಲಿ ಅವನ ವಾದ ಹೀಗಿದೆ: ವಸ್ತುಗಳಿಗೆ ಎಂದಿಗೂ ಬದಲಾಗದ ಸ್ವಭಾವವೊಂದಿದ್ದರೆ ಹುಟ್ಟೂ ಇಲ್ಲ, ಅಳಿವೂ ಇಲ್ಲ. ಇಲ್ಲದ್ದನ್ನು ಪಡೆಯುವುದಾಗಲಿ, ದುಃಖವನ್ನು ನೀಗಿಸುವುದಾಗಲಿ ಆಗ ಸಾಧ್ಯವೇ ಇಲ್ಲ. ಕಾಲೇಜಿಗೆ ಹೊರಟವರಿಗೆ ಇದಕ್ಕಿಂತ ಧೈರ್ಯದ ಮಾತು ಬೇಕೆ? ಕಲಿಯುವುದೆಂದರೆ ನಿನ್ನೆ ಇದ್ದ ಹಾಗೆ ಇಂದು ಇಲ್ಲದಿರುವುದು. ಮಗ ಬದಲಾಗಬಾರದು, ಆದರೆ ವಿದ್ಯಾವಂತನಾಗಬೇಕು ಎಂದು ಬಯಸುವ ತಂದೆ ಒಂದೇ ಉಸಿರಿನಲ್ಲಿ ಎರಡು ವಿರುದ್ಧ ವರಗಳನ್ನು ಕೇಳುತ್ತಿದ್ದಾನೆ. ಅನಿತ್ಯ ಎಂಬ ನಿಯಮದ ಮೇಲೆಯೇ ಶಾಲೆ, ಕಾಲೇಜು, ಗುರು, ಗ್ರಂಥ ಎಲ್ಲವೂ ನಿಂತಿವೆ.

ತೋಟದ ಅಡಿಕೆ ಮರ ಇದನ್ನು ಮೈಮೇಲೆಯೇ ಬರೆದುಕೊಂಡಿದೆ. ಒಂದೊಂದು ಸೋಗೆ ಕಳಚಿ ಬಿದ್ದಾಗಲೂ ಕಾಂಡದ ಮೇಲೆ ಒಂದು ಉಂಗುರ ಉಳಿಯುತ್ತದೆ, ಮರ ಅದಕ್ಕಿಂತ ಮೇಲಕ್ಕೆ ಹೋಗಿರುತ್ತದೆ. ಬಿದ್ದ ಹಾಳೆ ಊಟದ ತಟ್ಟೆಯಾಗುತ್ತದೆ, ತಲೆಗೆ ಮುಟ್ಟಾಳೆಯಾಗುತ್ತದೆ. ಮನುಷ್ಯರ ಬೆಳವಣಿಗೆಯೂ ಹಾಗೆಯೇ: ಕಳಚಿದ್ದರ ಗುರುತು ಉಳಿಯುತ್ತದೆ, ಕಳಚಿದ್ದು ಮರಳಿ ಅಂಟುವುದಿಲ್ಲ. ಬಾಲ್ಯ ಕಳಚಿತೆಂದು ಮರವನ್ನು ದೂರುವಂತಿಲ್ಲ.

ಆದರೆ ಸಮಾಧಾನ ಹೇಳುವ ಭರದಲ್ಲಿ ಕಠಿಣವಾದದ್ದನ್ನು ದಾಟಿಸಿಬಿಡಬಾರದು. ಹೋದವರೆಲ್ಲ ಮರಳುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಯಾಗಿ, ದೊಡ್ಡ ಮನೆಯಲ್ಲಿ ಇಬ್ಬರೇ ವೃದ್ಧರು ಉಳಿದ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಮರ ಹತ್ತುವವರು ಸಿಗುವುದಿಲ್ಲ, ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸುವ ಹೊತ್ತಿಗೆ ಮಳೆ ಬಿಡುವು ಕೊಡುವುದಿಲ್ಲ. ‘ಏನೇ ಆದರೂ ತೋಟ ಇದೆಯಲ್ಲ, ಬಂದು ಮಾಡಿಕೊಳ್ಳಲಿ’ ಎಂಬ ಮಾತೂ ಮೊದಲಿನಷ್ಟು ಗಟ್ಟಿಯಾಗಿಲ್ಲ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ಅಡಿಕೆ ತೋಟಗಳನ್ನೇ ಬರಿದು ಮಾಡಿದೆ. ಎಲೆಚುಕ್ಕಿ ರೋಗ ಹೊಸ ಭಯ ತಂದಿದೆ. ಮಗ ಮರಳಿದರೂ ಅವನು ಬಿಟ್ಟುಹೋದ ತೋಟ ಕಾದಿರುತ್ತದೆ ಎಂಬ ಭರವಸೆಯನ್ನು ಅಪ್ಪ ಕೊಡಲಾರ.

ಪುತ್ತೂರಿನಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಹೊರಡುವ, ಮರಳುವ ಈ ಕಥೆಯನ್ನೇ ಮೂರು ತಲೆಮಾರುಗಳ ಉದ್ದಕ್ಕೂ ನೋಡಿದರು. ಓದಿಗೆಂದು ಮನೆ ಬಿಟ್ಟ ಲಚ್ಚ ಹಾದಿ ತಪ್ಪಿದ. ಅವನ ಮಗ ರಾಮ ಇನ್ನೂ ದೂರ, ಮದರಾಸಿನವರೆಗೆ ಹೋಗಿ ಓದಿ, ಕೊನೆಗೆ ಅಜ್ಜನ ಮಣ್ಣಿಗೆ ಮರಳಿದ. ಮನೆ ಬಿಟ್ಟದ್ದೇ ಕೆಡುಕಾಗಿದ್ದರೆ ರಾಮನೂ ಕೆಡಬೇಕಿತ್ತು. ದೂರ ಎಷ್ಟು ಎಂಬುದು ಅಲ್ಲಿ ಏನನ್ನೂ ನಿರ್ಧರಿಸಲಿಲ್ಲ. ಹೋದವನು ಮನೆಯವರ ದುಡಿಮೆಯನ್ನು ನೆನಪಿನಲ್ಲಿಟ್ಟನೇ ಎಂಬುದು ನಿರ್ಧರಿಸಿತು. ಮರಳಿ ಬಂದ ರಾಮನೂ ಅಜ್ಜನಂತೆ ಬದುಕಲು ಬರಲಿಲ್ಲ, ತಾನು ಕಲಿತದ್ದನ್ನು ಹೊತ್ತು ಬಂದ.

ಹಾಗಾದರೆ ಹೊರಡುವವರಿಗೆ ಏನನ್ನು ಕಟ್ಟಿಕೊಡಬೇಕು? ಇದಕ್ಕೆ ನನಗೆ ಸಿಗುವ ಅತ್ಯಂತ ಹಳೆಯ, ಅತ್ಯಂತ ಒಳ್ಳೆಯ ಉತ್ತರ ಕಠೋಪನಿಷತ್ತಿನ ಹುಡುಗನದು. ಯಜ್ಞದಲ್ಲಿ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ ತಂದೆಯನ್ನು ನಚಿಕೇತ ಪ್ರಶ್ನಿಸಿದ, ಸಿಟ್ಟಿನಲ್ಲಿ ತಂದೆ ಅವನನ್ನು ಯಮನಿಗೆ ಕೊಟ್ಟೆನೆಂದ. ಹುಡುಗ ಹೊರಟೇಬಿಟ್ಟ. ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದ, ಅದಕ್ಕಾಗಿ ಮೂರು ವರ ಪಡೆದ. ಮರಣದಾಚೆ ಏನಿದೆ ಎಂಬ ಮೂರನೆಯ ವರವನ್ನು ಎಲ್ಲರೂ ನೆನೆಯುತ್ತಾರೆ. ಮೊದಲನೆಯದನ್ನು ನೆನೆಯುವವರು ಕಡಿಮೆ. ತಂದೆಯ ಸಿಟ್ಟು ಇಳಿಯಲಿ, ಮನಸ್ಸು ಶಾಂತವಾಗಲಿ, ನಾನು ಮರಳಿ ಹೋದಾಗ ನನ್ನನ್ನು ಗುರುತಿಸಿ ಮಾತನಾಡಿಸಲಿ ಎಂಬುದು ಅವನು ಕೇಳಿದ ಮೊದಲ ವರ. ಬ್ರಹ್ಮವಿದ್ಯೆ ಕಲಿಯುವುದಕ್ಕಿಂತ ಮೊದಲು ಅವನಿಗೆ ಮನೆಯ ಬಾಗಿಲು ತೆರೆದಿದೆ ಎಂಬ ಖಾತ್ರಿ ಬೇಕಿತ್ತು. ಆ ಖಾತ್ರಿ ಸಿಕ್ಕ ಮೇಲೆಯೇ ಅವನು ಎಷ್ಟು ದೂರದ ಪ್ರಶ್ನೆಗಾದರೂ ಹೋಗಬಲ್ಲವನಾದ. ಅವನು ಮರಳಿ ಬಂದಾಗ ತಂದೆಗಿಂತ ಹೆಚ್ಚು ತಿಳಿದವನಾಗಿದ್ದ. ತಂದೆ ಗುರುತಿಸಬೇಕಾದದ್ದು ಆ ಹೊಸ ಮಗನನ್ನು.

ಹೊರಡುವ ಮಕ್ಕಳಿಗೆ ಬೇಕಾದ ವರವೂ ಇದೊಂದೇ. ಮನೆ ಹೀಗೆಯೇ ಇರುತ್ತದೆ ಎಂಬ ಸುಳ್ಳು ಭರವಸೆ ಅವರಿಗೆ ಬೇಡ. ಹೇಗೆ ಬದಲಾಗಿ ಬಂದರೂ ಗುರುತಿಸುತ್ತೇವೆ ಎಂಬ ನಿಜವಾದ ಭರವಸೆ ಬೇಕು. ಮೊದಲನೆಯದನ್ನು ಕಾಲ ಉಳಿಸಿಕೊಡುವುದಿಲ್ಲ. ಎರಡನೆಯದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಅಪ್ಪ ಅಮ್ಮಂದಿರೇ, ಈ ದೀಪಾವಳಿಗೆ ಮಗಳು ಬಂದಾಗ ‘ನೀನು ಬದಲಾಗಿಬಿಟ್ಟೆ’ ಎಂಬುದನ್ನು ದೂರಿನಂತೆ ಹೇಳಬೇಡಿ. ಬದಲಾಗಲೆಂದೇ ಸಾಲ ಮಾಡಿ ಕಳಿಸಿದವರು ನೀವು. ಅಲ್ಲಿ ಏನು ಕಲಿತೆ, ಯಾರನ್ನು ಕಂಡೆ, ಯಾವುದು ಕಷ್ಟವಾಯಿತು ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳಿ. ಹೊರಟಿರುವ ಮಕ್ಕಳೇ, ಗುರುತಿಸುವ ಕೆಲಸ ನಿಮ್ಮ ಮೇಲೂ ಇದೆ. ನೀವಿಲ್ಲದಾಗ ಅಪ್ಪನ ಕಣ್ಣು ಮಂಜಾಗಿರುತ್ತದೆ, ಅಮ್ಮನ ಮಂಡಿ ನೋವು ಹೆಚ್ಚಿರುತ್ತದೆ, ಅಜ್ಜಿಯ ನೆನಪು ಒಂದಿಷ್ಟು ಹಿಂದೆ ಸರಿದಿರುತ್ತದೆ. ಅವರು ಫೋನಿನಲ್ಲಿ ಇದನ್ನು ಹೇಳುವುದಿಲ್ಲ. ಬಂದಾಗ ನೀವೇ ನೋಡಿ, ನೀವೇ ಕೇಳಿ, ಅವರನ್ನೂ ಹೊಸದಾಗಿ ಪರಿಚಯ ಮಾಡಿಕೊಳ್ಳಿ. ಒಬ್ಬರನ್ನೊಬ್ಬರು ಗುರುತಿಸಲು ಸಿಗುವ ರಜೆಗಳೂ ಬೆರಳೆಣಿಕೆಯವು. ಅವುಗಳಲ್ಲಿ ಒಂದನ್ನೂ ವ್ಯರ್ಥ ಮಾಡಬೇಡಿ.